ಮಾಂಗ್ ತೆಯೊನ ಮುಕ್ತಾಯ ಪ್ರಾರ್ಥನೆ

ಸಭೆ ಅಂದರೇನು ಎಂದು ಸಾನ್ ರುಫೀನೊ ಊರಿನಲ್ಲಿ ತೊಟ್ಟಿಲ ಕೂಸನ್ನು ಕೇಳಿದರೂ ಹೇಳೀತು. ಮೊದಲು ಪ್ರಾರ್ಥನೆ. ಆಮೇಲೆ ರಾಷ್ಟ್ರಗೀತೆ. ಆಮೇಲೆ ಸ್ವಾಗತ, ಸ್ವಾಗತಕ್ಕೆ ವಂದನೆ, ವಂದನೆ ಹೇಳಿದವರಿಗೆ ಹಾರ. ಆಮೇಲೆ ತಿಂಡಿ, ಗ್ರೂಪ್ ಫೋಟೊ, ಮುಕ್ತಾಯದ ಪ್ರಾರ್ಥನೆ. ಇವುಗಳ ನಡುವೆ ಎಲ್ಲಾದರೂ ಸಂದಿ ಸಿಕ್ಕಿದರೆ ವಿಷಯವನ್ನೂ ಒಂದಿಷ್ಟು ಮಾತಾಡುವುದುಂಟು. ಸಿಗದಿದ್ದರೆ ಅದಕ್ಕೆಂದೇ ಇನ್ನೊಂದು ಸಭೆ ಕರೆಯುತ್ತಾರೆ. ಹೀಗೆ ಕರೆದೂ ಕರೆದೂ ಊರಿನ ಜನಕ್ಕೆ ಕೂತು ಕೂತು ಸಾಕಾಗಿತ್ತು, ಸರ್ಕಾರಕ್ಕೆ ಮಾತ್ರ ಸಾಕಾಗಿರಲಿಲ್ಲ.

ಈ ಸಭೆಗಳಿಗೆಲ್ಲ ಕುರ್ಚಿ ಒದಗಿಸುವವನು ಮಾಂಗ್ ತೆಯೊ. ಗುಡಿಯಂಥ ದೊಡ್ಡ ಚರ್ಚಿನಲ್ಲಿ ಇಟ್ಟ ಹೆಸರು ತೆಯೊಫಿಸ್ಟೊ. ಅದನ್ನು ಪೂರ್ತಿ ಕರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ತೆಯೊ. ವಯಸ್ಸಿಗೆ ಮರ್ಯಾದೆ ಕೊಡಬೇಕಲ್ಲ ಎಂದು ಮುಂದೊಂದು ಮಾಂಗ್. ಅವನ ಹತ್ತಿರ ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಒಂದು ದಂಡೇ ಇತ್ತು. ಪ್ರತಿ ಕುರ್ಚಿಯ ಬೆನ್ನಿಗೂ ಹೆಂಡತಿಯ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದ. ಬಿಡಾಯ್ ಎಂಬ ಹೆಸರು ಕಂಡ ಮೇಲೆ ಆ ಕುರ್ಚಿ ಕದಿಯುವ ಧೈರ್ಯ ಊರಿನಲ್ಲಿ ಯಾವನಿಗೂ ಇರಲಿಲ್ಲ.

ಕುರ್ಚಿ ತಂದವನು ಕುರ್ಚಿ ವಾಪಸು ಹೇರುವವರೆಗೂ ಕಾಯಬೇಕು. ಸುಮ್ಮನೆ ಕಾಯುವುದು ಹೇಗೆ? ತನ್ನದೇ ಕುರ್ಚಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಫೋಟೊ ಹೊತ್ತಿಗೆ ಫೋಟೊದವನು, "ಎಡಗಡೆ ಖಾಲಿ ಕಾಣ್ತಿದೆ, ಯಾರಾದ್ರೂ ಬನ್ರೀ" ಎಂದು ಕೂಗಿದರೆ ಎದ್ದು ಹೋಗಿ ನಿಲ್ಲುತ್ತಿದ್ದ. ನಗಿ ಎಂದರೆ ನಗುತ್ತಿದ್ದ. ಎಡಗಡೆ ತುಂಬುವುದು ಮೊದಮೊದಲು ಉಪಕಾರಕ್ಕೆ. ಬರಬರುತ್ತಾ ಅದೇ ಚಟವಾಯಿತು. ಫೋಟೊ ದಿನ ಕಸೂತಿಯ ಬಾರೋಂಗ್ ಅಂಗಿ ಇಸ್ತ್ರಿ ಮಾಡಿಸತೊಡಗಿದ. ಫೋಟೊಗಳನ್ನು ಮನೆಗೋಡೆಗೆ ಹಾಕಿ, ಬಂದವರ ಮುಂದೆ, "ಇದು ನಾವು, ಗವರ್ನರ್ ಜೊತೆ" ಎನ್ನುತ್ತಿದ್ದ. ಗವರ್ನರಿಗೂ ಅವನಿಗೂ ನಡುವೆ ಫೋಟೊದಲ್ಲಿ ಇಪ್ಪತ್ತು ತಲೆ ಇರುತ್ತಿದ್ದವು ಎಂಬುದು ಬೇರೆ ಮಾತು.

ಇನ್ನು ವಿಷಯ. ಸಾನ್ ರುಫೀನೊದ ಹೊಳೆಬಾಯಲ್ಲಿ ಉಪ್ಪುನೀರಿಗೆ ಬೇರು ಚಾಚಿ ನಿಂತ ಕಾಂಡ್ಲಾ ಕಾಡು ಇದೆ. ಕಾಡಿನ ಬೆನ್ನಿಗೇ ತೆಯೊನ ಮನೆ. ಬಿಡಾಯ್ ಏಡಿ ಹಿಡಿಯುವುದು ಆ ಬೇರುಗಳ ಕೆಸರಿನಲ್ಲಿ. ದೊಡ್ಡ ಬಿರುಗಾಳಿಯ ವರ್ಷ ಸಮುದ್ರ ಎದ್ದು ಬಂದಾಗ ಪಕ್ಕದ ಊರು ಚಾಪೆ ಸುತ್ತಿದ ಹಾಗೆ ಹೋಯಿತು. ಇಲ್ಲಿ ಅಲೆ ಕಾಂಡ್ಲಾಕ್ಕೆ ಬಡಿದು, ಸುಸ್ತಾಗಿ, ತೆಯೊನ ಅಂಗಳಕ್ಕೆ ಮೊಣಕಾಲುದ್ದ ಬಂದು ನಿಂತಿತು. ಇಷ್ಟೊಂದು ಉಪಕಾರಿ ಮರಗಳ ಮಹತ್ವ ಜನರಿಗೆ ತಿಳಿಯಬೇಡವೇ ಎಂದು ರಾಜಧಾನಿಯ ಒಂದು ಇಲಾಖೆಗೆ ಅನಿಸಿತು. ಅದಕ್ಕಾಗಿ 'ಕಾಂಡ್ಲಾ ಮಹತ್ವ ದರ್ಶನ ಕೇಂದ್ರ' ಎಂಬ ಭವ್ಯ ಕಟ್ಟಡ ಮಂಜೂರಾಯಿತು. ಕಟ್ಟಡಕ್ಕೂ ಅದರ ಬಸ್ಸು ನಿಲ್ಲುವ ಬಯಲಿಗೂ ಹೊಳೆಬಾಯಿಯೇ ಪ್ರಶಸ್ತ ಜಾಗ. ಅಲ್ಲಿ ಒಂದೇ ಒಂದು ಅಡಚಣೆ ಇತ್ತು. ಕಾಂಡ್ಲಾ.

ಒಂದು ಬೆಳಿಗ್ಗೆ ತೆಯೊನ ಮನೆ ಮುಂದೆ ಸರ್ಕಾರಿ ವ್ಯಾನು ನಿಂತಿತು. ಇಳಿದವಳು ಜೋವೆಲಿನ್. ಇಲಾಖೆಯ ಪರವಾಗಿ ಸಭೆ ನಡೆಸಿಕೊಡುವ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋಟೊಗಳ ಕಟ್ಟು.

"ನೀವೇ ಅಲ್ವಾ ಸರ್ ಇದು? ಇದರಲ್ಲೂ ನೀವೇ. ಇದರಲ್ಲೂ."

"ನಾನೇ. ಯಾಕೆ ಮೇಡಂ, ಕುರ್ಚಿ ಏನಾದ್ರೂ ಮುರಿದಿತ್ತಾ?"

"ಕುರ್ಚಿ ಅಲ್ಲ ಸರ್, ನೀವು ಬೇಕು ನಮಗೆ. ಪರಿಸರ ಸಂಘಗಳ ಕಡೆಯಿಂದ ಸರ್ಕಾರದ ಜೊತೆ ಮಾತಾಡೋಕೆ ಒಬ್ಬ ಪ್ರತಿನಿಧಿ ಬೇಕು. ಎರಡೂ ಸಂಘದವರು ಒಬ್ಬರ ಹೆಸರು ಇನ್ನೊಬ್ಬರು ಒಪ್ತಿಲ್ಲ. ನಮ್ಮ ಉಪಕಾರ್ಯದರ್ಶಿ ಮೇಡಂ ಫೋಟೊ ಎಲ್ಲ ನೋಡಿ, 'ಎರಡೂ ಸಂಘದ ಸಭೇಲೂ ಈ ಹಿರಿಯರು ಇದಾರಲ್ಲ, ಎಷ್ಟು ನಿಷ್ಠೆ, ಎಷ್ಟು ಸಮಾಧಾನದ ಮುಖ, ಇವರನ್ನೇ ಮಾಡಿ' ಅಂದ್ರು."

ಈ ಗಳಿಗೆಯಲ್ಲಿ, 'ಅಮ್ಮಾ, ನಾನು ಕುರ್ಚಿ ಬಾಡಿಗೆಯವನು' ಎಂದು ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೇಲಿಯ ಮೇಲೆ ಅಕ್ಕಪಕ್ಕದ ತಲೆಗಳೆಲ್ಲ ಸಾಲಾಗಿ ಮೂಡಿದ್ದವು. ಪಕ್ಕದ ಮನೆಯ ಪಾಸಿಂಗ್ ಹಂದಿಗೆ ಕಲಗಚ್ಚು ಹಾಕುವುದನ್ನೂ ಬಿಟ್ಟು ಬಾಯಿ ತೆರೆದು ನಿಂತಿದ್ದಳು. ಸರ್ಕಾರಿ ವ್ಯಾನಿನಿಂದ ಇಳಿದ ಹುಡುಗಿ ಬಾಯಿ ತುಂಬ ಸರ್ ಎನ್ನುತ್ತಿರುವಾಗ ನಿಜ ಹೇಳುವುದಕ್ಕೆ ಮನುಷ್ಯ ಸಂತನಾಗಿರಬೇಕು. ತೆಯೊ ಸಂತನಲ್ಲ.

"ಮೇಡಂ ಅಷ್ಟು ಹೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ," ಎಂದ.

ಬಿಡಾಯ್ ಏಡಿ ಬುಟ್ಟಿ ಕೆಳಗಿಟ್ಟು ಕೇಳಿದಳು: "ಪ್ರತಿನಿಧಿ ಅಂದ್ರೆ ಇವ್ನು ಏನ್ ಕೆಲ್ಸ ಮಾಡ್ಬೇಕಮ್ಮಾ?"

"ಸಮಾಲೋಚನೆಗೆ ಒಳಗಾಗ್ಬೇಕು ಅಷ್ಟೇ ಆಂಟಿ."

"ನೋಯುತ್ತಾ?"

ಜೋವೆಲಿನ್ ನಕ್ಕಳು. ಎಷ್ಟು ನೋಯುತ್ತದೆಂದು ಆ ಹುಡುಗಿಗೂ ಗೊತ್ತಿರಲಿಲ್ಲ ಪಾಪ.

ಸುದ್ದಿ ಊರೆಲ್ಲ ಹಬ್ಬಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಾ ಊರಲ್ಲೂ ಇರುತ್ತಾರೆ. ಮಧ್ಯಾಹ್ನದೊಳಗೆ ತೆಯೊ ಮಂತ್ರಿಯಾಗಿದ್ದ. ಪಾಸಿಂಗ್ ಬಂದು ತನ್ನ ಅಳಿಯನಿಗೊಂದು ಸರ್ಕಾರಿ ನೌಕರಿ ಕೇಳಿದಳು. ವಾರ್ಡಿನ ಮುಖ್ಯಸ್ಥ ಕಪ್ತಾನ್ ಎಲಿಗಿಯೊ, ಇಷ್ಟು ವರ್ಷ "ಏಯ್ ಕುರ್ಚಿ" ಎಂದು ಕರೆಯುತ್ತಿದ್ದವನು, ಈಗ ಹೆಗಲ ಮೇಲೆ ಕೈಹಾಕಿ "ತೆಯೊ, ನಾವಿಬ್ರೂ ಒಂದೇ ಶಾಲೆ ಅಲ್ವೇನಯ್ಯಾ" ಎಂದ. ಇಬ್ಬರೂ ಆ ಶಾಲೆಯಿಂದ ಒಂದೇ ದಿನ ಓಡಿಹೋದವರು ಎಂಬುದು ಸತ್ಯ.

ಸಂಜೆಗೆ ಪರಿಸರ ಸಂಘಗಳೂ ಬಂದವು. ಎರಡು ಸಂಘ, ಹಿಂದೆ ಒಂದೇ ಆಗಿತ್ತು. ಟೀ ಶರ್ಟಿನ ಮೇಲೆ ಏಡಿಯ ಚಿತ್ರ ಇರಬೇಕೋ ಬೆಳ್ಳಕ್ಕಿಯದೋ ಎಂಬಲ್ಲಿ ಒಡೆಯಿತು. ಏಡಿ ಸಂಘಕ್ಕೆ ವಕೀಲೆ ಸೆನಾಯ್ಡ ಅಧ್ಯಕ್ಷೆ. ಬೆಳ್ಳಕ್ಕಿ ಸಂಘಕ್ಕೆ ನಿವೃತ್ತ ಮೇಷ್ಟ್ರು ಮಾಕ್ಸಿಮೊ. ಇಬ್ಬರ ನಡುವೆ ಹೊಂದಾಣಿಕೆ ತರಲು ಒಂದು ಸಮನ್ವಯ ಸಮಿತಿ ಇತ್ತು. ಅದರ ಸಭೆಯನ್ನು ಯಾರು ಕರೆಯಬೇಕು ಎಂಬುದು ಇತ್ಯರ್ಥವಾಗದೆ ಅದು ಇದುವರೆಗೂ ಸೇರಿರಲಿಲ್ಲ.

ಇಬ್ಬರೂ ಅಂಗಳದ ಎರಡು ತುದಿಯಲ್ಲಿ ಬಿಡಾಯ್ ಹೆಸರಿನ ಕುರ್ಚಿಗಳ ಮೇಲೆ ಕೂತರು.

"ನೋಡಿ ಮಾಂಗ್ ತೆಯೊ, ನೀವಲ್ಲಿ 'ನಮ್ಮದು ಷರತ್ತುಬದ್ಧ ವಿರೋಧ' ಅನ್ಬೇಕು," ಎಂದಳು ಸೆನಾಯ್ಡ.

"ಷರತ್ತು ಅಂದ್ರೆ ಮುಗೀತು. ಕತ್ತಿಗೆ ನಾವೇ ಸಾಣೆ ಹಿಡಿದು ಕೊಟ್ಟಂಗೆ. 'ಕಡಾಖಂಡಿತ ವಿರೋಧ' ಅನ್ಬೇಕು," ಎಂದರು ಮಾಕ್ಸಿಮೊ.

"ಹಾಗಂದ್ರೆ ಬಾಗಿಲಿಂದಾಚೆ ಹಾಕ್ತಾರೆ ಮೇಷ್ಟ್ರೇ!"

"ನೀವು ಒಳಗೆ ಕೂತ್ಕೊಂಡು ಏನ್ ಕಡ್ದುಹಾಕಿದ್ರಿ ಅಟಾರ್ನಿ? ತಿಂಡಿ ತಿಂದ್ರಿ."

"ನೀವು ಎರಡು ಪೊಟ್ಟಣ ಮನೆಗೆ ಒಯ್ದಿದ್ದು ನಾನೇ ಕಣ್ಣಾರೆ ಕಂಡಿದೀನಿ."

ಕೊನೆಗೆ ತೆಯೊನೇ ಸರಿ ಎಂದು ಇಬ್ಬರೂ ಒಪ್ಪಿದರು. ಅವನು ತಮ್ಮವನಲ್ಲ ಎಂಬ ಬೇಸರಕ್ಕಿಂತ ಎದುರಾಳಿಯವನೂ ಅಲ್ಲ ಎಂಬ ಸಂತೋಷ ದೊಡ್ಡದಾಗಿತ್ತು. ಹೋಗುವಾಗ ಇಬ್ಬರೂ ಒಂದೊಂದು ಟೀ ಶರ್ಟು ಕೊಟ್ಟುಹೋದರು. ಯಾರ ಮನಸ್ಸೂ ನೋಯಬಾರದೆಂದು ತೆಯೊ ಒಳಗೆ ಏಡಿ, ಹೊರಗೆ ಬೆಳ್ಳಕ್ಕಿ ತೊಟ್ಟು ನಗರದ ಬಸ್ಸು ಹತ್ತಿದ. ನಮ್ಮ ಸೆಕೆಯಲ್ಲಿ ಎರಡು ಟೀ ಶರ್ಟು ಅಂದರೆ ಏನು ಎಂದು ತೊಟ್ಟವನೇ ಬಲ್ಲ.

ಮೊದಲ ಸಮಾಲೋಚನೆ ದೊಡ್ಡ ಹೋಟೆಲಿನಲ್ಲಿ. ಹಲ್ಲು ಕಟಕಟ ಅನ್ನುವಷ್ಟು ಎ.ಸಿ.; ಎರಡು ಟೀ ಶರ್ಟು ಇದ್ದದ್ದು ಒಳ್ಳೆಯದೇ ಆಯಿತು. ಅಂದಿನ ವಿಷಯ: ಸಮಾಲೋಚನೆಯನ್ನು ಹೇಗೆ ನಡೆಸಬೇಕು ಎಂಬ ಬಗ್ಗೆ ಸಮಾಲೋಚನೆ. ಜೋವೆಲಿನ್ ಎಲ್ಲರಿಗೂ ಬಣ್ಣದ ಕಾರ್ಡು ಹಂಚಿ, ಮನಸ್ಸಿನಲ್ಲಿರುವುದನ್ನು ಬರೆದು ಗೋಡೆಯ ಕಂದು ಕಾಗದಕ್ಕೆ ಅಂಟಿಸಿ ಎಂದಳು. ತೆಯೊ ಬರೆದ: ಮರ ಕಡೀಬೇಡಿ.

"ತುಂಬ ಮುಖ್ಯವಾದ ಅಂಶ ಸರ್," ಎಂದಳು ಜೋವೆಲಿನ್, ಮನಸಾರೆ. "ಆದ್ರೆ ಇವತ್ತಿನ ವಿಷಯಕ್ಕೆ ಬರೋಲ್ಲ. ಇಲ್ಲಿ ಅಂಟಿಸೋಣ."

ಅಲ್ಲೊಂದು ಬೇರೆ ಕಾಗದ ಇತ್ತು. ಅದರ ತಲೆಯ ಮೇಲೆ 'ನಂತರ' ಎಂದು ಬರೆದಿತ್ತು.

ಎರಡನೆಯ ಸಲ ಹೋದಾಗಲೂ ಅದನ್ನೇ ಬರೆದ. ಅದೂ ನಂತರಕ್ಕೆ ಹೋಯಿತು. ಮುಂದಿನ ಸಲ ಬಾಯಲ್ಲೇ ಹೇಳೋಣವೆಂದು ಮೈಕು ಹಿಡಿದ. "ಎಲ್ಲರಿಗೂ ನಮಸ್ಕಾರ. ಉಪಕಾರ್ಯದರ್ಶಿ ಮೇಡಂಗೆ, ಕಾಂಗ್ರೆಸ್‌ಮನ್ ಸಾಹೇಬ್ರ ಪ್ರತಿನಿಧಿಗೆ, ಗವರ್ನರ್ ಸಾಹೇಬ್ರ ಪ್ರತಿನಿಧಿಯ ಪ್ರತಿನಿಧಿಗೆ..." ಮರ್ಯಾದೆಗೆ ಎಲ್ಲರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಅವನಿಗೆ ಕೊಟ್ಟ ಮೂರು ನಿಮಿಷ ಆಗಿಹೋಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಫೋಟೊ. ಈಗ ಅವನಿಗೆ ಎಡತುದಿಯಲ್ಲ, ಮುಂದಿನ ಸಾಲು, ಉಪಕಾರ್ಯದರ್ಶಿ ಮೇಡಂ ಪಕ್ಕದಲ್ಲೇ. ನಗಿ ಸರ್ ಎಂದರು. ಅಭ್ಯಾಸ ಬಲ ನೋಡಿ, ನಕ್ಕ.

ಊರಿಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಮಾಕ್ಸಿಮೊ ಮೇಷ್ಟ್ರು ಹಿಡಿದರು.

"ಏನಾಯ್ತು? ಏನಂದ್ರು?"

"ನಂತರ ಅಂದ್ರು."

"ಊಟಕ್ಕೆ ಏನಿತ್ತು?"

"ಕೋಳಿ."

ತಿಂಗಳುಗಟ್ಟಲೆ ಹೀಗೇ ನಡೆಯಿತು. ಬಸ್ಸು, ಎ.ಸಿ., ಕಾರ್ಡು, ನಂತರ, ಕೋಳಿ, ನಗು, ಬಸ್ಸು. ತೆಯೊನ ಸೊಂಟ ಹಿಡಿದುಕೊಂಡಿತು. ಮದುವೆ, ಸಾವು, ಕೋಳಿ ಅಂಕಗಳ ಬಾಡಿಗೆ ತಪ್ಪಿ ಕುರ್ಚಿಗಳು ಧೂಳು ತಿಂದವು. ಗೋಡೆಯ ಫೋಟೊ ನೋಡಿದರೆ ಅವನಿಗೇ ಆಕಳಿಕೆ ಬರುತ್ತಿತ್ತು. ದೊಡ್ಡಮನುಷ್ಯನಾಗುವುದು ಇಷ್ಟು ಆಯಾಸದ ಕೆಲಸ ಎಂದು ಮೊದಲೇ ಗೊತ್ತಿದ್ದರೆ ಆ ಬಾರೋಂಗ್ ಅಂಗಿಯನ್ನು ಅವನು ಏಡಿ ಒರೆಸಲು ಕೊಟ್ಟುಬಿಡುತ್ತಿದ್ದ.

ಹೀಗಿರುವಾಗ ಒಂದು ಮುಂಜಾನೆ ಹೊಳೆಬಾಯಲ್ಲಿ ಫ್ಲೆಕ್ಸ್ ಎದ್ದಿತ್ತು. ಮನೆಯ ಗೋಡೆಯಷ್ಟು ದೊಡ್ಡದು. ಅದರ ತುಂಬ ತೆಯೊನ ಮುಖ, ಎರಡೂ ಕೆನ್ನೆಯಲ್ಲಿ ನಗು. ಕೆಳಗೆ: 'ಕಾಂಡ್ಲಾ ಮಹತ್ವ ದರ್ಶನ ಕೇಂದ್ರಕ್ಕೆ ಪರಿಸರ ಸಂಘಗಳ ಹಾರ್ದಿಕ ಬೆಂಬಲ. ಧನ್ಯವಾದಗಳು!' ಪಕ್ಕದಲ್ಲೇ, ಶಾಲೆಯ ಹಿಂದೆ, ನೆಲ ಅಗೆಯುವ ಹಳದಿ ಯಂತ್ರ ಬಂದು ನಿಂತಿತ್ತು.

ಊರಿಗೆ ಊರೇ ತೆಯೊನ ಅಂಗಳದಲ್ಲಿ ಸೇರಿತು. ನೌಕರಿ ಸಿಗದ ಅಳಿಯನ ಅತ್ತೆ ಪಾಸಿಂಗ್ ಎಲ್ಲರಿಗಿಂತ ಮುಂದೆ.

"ಕೋಳಿ ತಿಂದು ಮರ ಮಾರಿ ಬಂದ್ಯಲ್ಲೋ ಮಾಂಗ್ ತೆಯೊ! ನಾಳೆ ಸಮುದ್ರ ಬಂದ್ರೆ ನಿನ್ನ ಕುರ್ಚಿ ಹಿಡ್ಕೊಂಡು ತೇಲ್ಬೇಕಾ ನಾವು?"

"ನಾನು ಒಪ್ಪೇ ಇಲ್ಲ ಮಾರಾಯ್ತಿ! ಒಂದು ಸಲಾನೂ ಹೂಂ ಅಂದಿಲ್ಲ!"

"ಮತ್ತೆ ನಗ್ತಿದೀಯಲ್ಲ!"

"ಫೋಟೊದವನು ನಗಿ ಅಂದ!"

ಜೋವೆಲಿನ್‌ಗೆ ಫೋನು ಮಾಡಿದರೆ ಅವಳೂ ಅಳು ದನಿಯಲ್ಲಿ ಹೇಳಿದಳು: "ನಾನೇನ್ ಮಾಡ್ಲಿ ಸರ್, ಮೇಲಿನವರು ಹೇಳ್ತಾರೆ, ಅಷ್ಟೂ ಫೋಟೊದಲ್ಲಿ ನಗ್ತಿರೋ ಮನುಷ್ಯ ವಿರೋಧ ಇದಾರೆ ಅಂತ ಹೇಗೆ ಬರೆಯೋದು ಅಂತ. ಆದ್ರೂ ಕೊನೇ ಸಮಾಲೋಚನೆ ಒಂದಿದೆ. ನಿಮ್ಮೂರಲ್ಲೇ. ಅದರ ಮುಕ್ತಾಯ ಪ್ರಾರ್ಥನೆ ಆಗೋವರೆಗೂ ಯಂತ್ರ ಅಲ್ಲಾಡೋ ಹಾಗಿಲ್ಲ, ನಿಯಮ."

ಆ ರಾತ್ರಿ ಬಿಡಾಯ್ ಅವನ ತಟ್ಟೆಗೆ ಬರೀ ಅನ್ನ ಬಡಿದಳು. ಸಾರಿಲ್ಲ, ಏಡಿಯಿಲ್ಲ.

"ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ," ಎಂದಳು. "ಮೂವತ್ತು ವರ್ಷದಿಂದ ಆ ಕೆಸರಲ್ಲಿ ಸೊಂಟ ಮುರ್ಕೊಂಡು ನಿನ್ನ ಮಕ್ಕಳನ್ನ ಸಾಕಿದೀನಿ ತೆಯೊ. ನೀನು ಹಲ್ಲು ಕಿರಿದು ಅದನ್ನ ಕೊಟ್ಟು ಬಂದೆ." ಅವಳು ಬೈಯುತ್ತಿದ್ದರೆ ತೆಯೊ ಸಹಿಸುತ್ತಿದ್ದ. ಆದರೆ ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಕೊನೆಯ ಸಮಾಲೋಚನೆ ಚಾವಣಿ ಹಾಕಿದ ಬಾಸ್ಕೆಟ್‌ಬಾಲ್ ಮೈದಾನದಲ್ಲಿ. ಕುರ್ಚಿ ತೆಯೊನದೇ. ಬೆಳಿಗ್ಗೆ ತಾನೇ ಸಾಲಾಗಿ ಜೋಡಿಸಿ, ಬಾರೋಂಗ್ ತೊಟ್ಟು, ಈ ಸಲ ಹೆಸರುಗಳನ್ನೆಲ್ಲ ಬಿಟ್ಟು ನೇರ ವಿಷಯಕ್ಕೇ ಬರುವುದೆಂದು ಬಾಯಿಪಾಠ ಮಾಡಿಕೊಂಡು ಕೂತ. ರಾಜಧಾನಿಯ ವಿಮಾನ ತಡವಾಯಿತು. ಉಪಕಾರ್ಯದರ್ಶಿ ಮೇಡಂ ಬರುವಷ್ಟರಲ್ಲಿ ಪ್ರಾರ್ಥನೆಗೆ ನಿಂತ ಹುಡುಗಿಯರ ಮುಖದ ಪೌಡರು ಬೆವರಲ್ಲಿ ಇಳಿದಿತ್ತು. ಆದರೂ ಸ್ವಾಗತ ಬಿಡಲಾದೀತೇ? ವಂದನೆ ಬಿಡಲಾದೀತೇ? ಮೂರು ಕುಣಿತ, ನಾಲ್ಕು ಹಾರ ಆಯಿತು. ಆಮೇಲೆ ಮೇಡಂ ಗಡಿಯಾರ ನೋಡಿದರು. ವಾಪಸು ವಿಮಾನ ಹಿಡಿಯಬೇಕು.

ಜೋವೆಲಿನ್ ಮೈಕಿನಲ್ಲಿ ಹೇಳಿದಳು: "ಸಮಯದ ಅಭಾವದಿಂದ ಪರಿಸರ ಸಂಘಗಳ ಪ್ರತಿನಿಧಿಯ ಮಾತುಗಳನ್ನು ಆಡಿದಂತೆಯೇ ಭಾವಿಸಲಾಗಿದೆ."

ಚಪ್ಪಾಳೆ. ತೆಯೊ ಎದ್ದವನು ನಿಂತೇ ಇದ್ದ. ಅವನ ಮುಖ ನೋಡಿ ಆ ಹುಡುಗಿಗೆ ಏನನ್ನಿಸಿತೋ. ಪಾದ್ರಿ ಕ್ಲಾರೊ ಆಗಲೇ ತಿಂಡಿಯ ಮೇಜಿನ ಹತ್ತಿರ ಹೋಗಿದ್ದರು. "ಮುಕ್ತಾಯದ ಪ್ರಾರ್ಥನೆಯನ್ನು ನಮ್ಮ ಹಿರಿಯರಾದ ಮಾಂಗ್ ತೆಯೊ ನಡೆಸಿಕೊಡ್ತಾರೆ," ಎಂದು ಮೈಕು ಅವನ ಕೈಗಿಟ್ಟಳು.

ಎಲ್ಲರೂ ಎದ್ದರು. ಟೋಪಿಗಳು ಇಳಿದವು, ತಲೆಗಳು ಬಾಗಿದವು. ಉಪಕಾರ್ಯದರ್ಶಿ ಮೇಡಂ ಕಣ್ಣು ಮುಚ್ಚಿದರು. ತೆಯೊ ಸುತ್ತ ನೋಡಿದ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಗಂಟೆಯ ಮೇಲೆ ಯಾರ ಕೈಯೂ ಇರಲಿಲ್ಲ.

"ಪ್ರಭುವೇ," ಎಂದ. "ನಾನು ತೆಯೊ. ಕುರ್ಚಿ ಬಾಡಿಗೆಯವನು."

ಯಾರೋ ಕಿಸಕ್ಕೆಂದರು. ಜಪಮಾಲೆ ಹಿಡಿದು ಬಂದಿದ್ದ ಚರ್ಚಿನ ಮುದುಕಿಯರು ತಿರುಗಿ ದುರುಗುಟ್ಟಿದರು.

"ಈ ದಿನಕ್ಕಾಗಿ ನಿನಗೆ ಸ್ತೋತ್ರ. ಮೇಡಂ ಅವರನ್ನ ಕ್ಷೇಮವಾಗಿ ಕರ್ಕೊಂಡು ಬಂದೆ, ಅದಕ್ಕೂ ಸ್ತೋತ್ರ. ಪ್ರಭುವೇ, ಮೂರು ನಿಮಿಷದಲ್ಲಿ ಹೇಳು ಅಂತಾರೆ ಇವ್ರು. ಕಾರ್ಡಲ್ಲಿ ಬರಿ ಅಂತಾರೆ. ಬರೆದ್ರೆ ನಂತರ ಅಂತಾರೆ. ನೀನು ಹಂಗಲ್ಲ, ಕೇಳಿಸ್ಕೋತೀಯ. ಆ ಬಿರುಗಾಳಿ ದಿನ ನಿನಗೆ ನೆನಪಿದೆಯಲ್ಲ? ನಾನೂ ಬಿಡಾಯೂ ಸೂರಿನ ತೊಲೆ ತಬ್ಕೊಂಡು ನಿನ್ನನ್ನೇ ಕೂಗಿದ್ವಿ. ನೀನು ಬರ್ಲಿಲ್ಲ ಅನ್ಕೊಂಡ್ವಿ. ಬೆಳಗಾದ್ಮೇಲೆ ನೋಡಿದ್ರೆ, ರಾತ್ರಿಯೆಲ್ಲ ಹೊಳೆಬಾಯಲ್ಲಿ ನೀನೇ ಕಾಂಡ್ಲಾ ರೂಪದಲ್ಲಿ ನಿಂತಿದ್ದೆ."

"ಆಮೆನ್," ಎಂದ ಕಪ್ತಾನ್ ಎಲಿಗಿಯೊ, ಇಲ್ಲಿಗೆ ಮುಗಿಯಲೆಂಬ ಆಸೆಯಿಂದ.

"ಇನ್ನೂ ಇದೆ ಪ್ರಭುವೇ. ಕಪ್ತಾನ್ ಎಲಿಗಿಯೊನನ್ನೂ ಆಶೀರ್ವದಿಸು. ಅವನ ಮಾವನ ಟಿಪ್ಪರಲ್ಲೇ ಮಣ್ಣು ಹೊಡಿಯೋದಂತೆ, ಅವನಿಗೂ ಒಳ್ಳೇ ಬುದ್ಧಿ ಕೊಡು."

ಕಪ್ತಾನನ ತಲೆ ಇನ್ನಷ್ಟು ಬಾಗಿತು. ಇಲಾಖೆಯ ವಕೀಲ ಮೈಕಿನ ತಂತಿಯ ಕಡೆ ಒಂದು ಹೆಜ್ಜೆ ಇಟ್ಟ. ಪ್ರಾರ್ಥನೆಯ ಮಧ್ಯೆ ಕೈಹಾಕಿದ ಪಾಪಿ ಯಾರು ಎಂದು ಮುದುಕಿಯರು ಅರ್ಧ ಕಣ್ಣು ತೆರೆದರು. ವಕೀಲ ಹೆಜ್ಜೆ ಹಿಂದಕ್ಕಿಟ್ಟ. ಮೇಜಿನ ಮೇಲೆ ಪನ್ಸಿತ್ ಶ್ಯಾವಿಗೆ ತಣ್ಣಗಾಗುತ್ತಿತ್ತು.

"ಫೋಟೊದಲ್ಲಿ ನಾನು ನಕ್ಕಿದ್ದು ಒಪ್ಪಿಗೆ ಅಲ್ಲ ಪ್ರಭುವೇ. ನಗಿ ಅಂದ್ರೆ ನಗ್ತೀನಿ, ಅಷ್ಟೇ ನನ್ನ ತಲೆ. ನನ್ನ ನಗೂಗೆ ನನ್ನ ಹೆಂಡ್ತಿ ಕೆಸರು ಹೋಗ್ಬಾರ್ದು. ಆ ಕೆಸರಲ್ಲೇ ಅವಳು ನನ್ನ ಮಕ್ಕಳನ್ನ ಸಾಕಿದ್ದು. ಮರದ ಮಹತ್ವ ನೋಡೋಕೆ ಬರೋರು ಬರ್ಲಿ, ಮರಾನೇ ನೋಡ್ಲಿ. ನನಗೆ ಸಾಕಾಗಿದೆ ಪ್ರಭುವೇ, ಬಸ್ಸಲ್ಲಿ ಓಡಾಡಿ ಸೊಂಟ ಬಿದ್ದುಹೋಗಿದೆ, ಇನ್ನು ಕೂರೋಕೂ ಆಗಲ್ಲ, ನಿಲ್ಲೋಕೂ ಆಗಲ್ಲ. ಒಂದೇ ಒಂದು ಮರಾನೂ ಬೀಳದ ಹಾಗೆ ಮಾಡು. ಇದು ಇಲ್ಲಿ ನಿಂತಿರೋ ನಮ್ಮೆಲ್ಲರ ಬೇಡಿಕೆ. ಇಂದೂ, ಎಂದೂ, ಎಂದೆಂದಿಗೂ..."

"ಆಮೆನ್!" ಎಂದಿತು ಇಡೀ ಮೈದಾನ, ಹುಟ್ಟಿದಾರಭ್ಯ ಅಭ್ಯಾಸವಾದ ಒಂದೇ ಉಸಿರಿನಲ್ಲಿ. ಎಲ್ಲರಿಗಿಂತ ಗಟ್ಟಿಯಾಗಿ ಅಂದವರು ಉಪಕಾರ್ಯದರ್ಶಿ ಮೇಡಂ. ಮುಗಿಯಿತಲ್ಲ ಎಂಬ ಸಮಾಧಾನಕ್ಕೆ ಅಂದರು ಪಾಪ. ಆದರೆ ಅವರ ಮುಂದಿನ ಮೈಕು ಚಾಲೂ ಇತ್ತು.

ವಕೀಲೆ ಸೆನಾಯ್ಡ ಕಣ್ಣೀರು ಒರೆಸಿಕೊಂಡು ತಲೆ ಎತ್ತಿದಳು. ಎತ್ತುವಷ್ಟರಲ್ಲಿ ಅವಳು ಮತ್ತೆ ವಕೀಲೆಯಾಗಿದ್ದಳು.

"ಜೋವೆಲಿನ್, ನಡಾವಳಿಯಲ್ಲಿ ಬರ್ಕೋ. ಮರ ಕಡಿಯಬಾರದು ಅನ್ನೋದಕ್ಕೆ ಸಭೆಯ ಸರ್ವಾನುಮತ. ಉಪಕಾರ್ಯದರ್ಶಿಯವರ ಒಪ್ಪಿಗೆ ಸಮೇತ."

"ಪ್ರಾರ್ಥನೆ ನಡಾವಳಿಗೆ ಬರೋಲ್ಲ!" ಎಂದ ಇಲಾಖೆಯ ವಕೀಲ.

"ಯಾಕ್ರೀ ಬರೋಲ್ಲ?" ಮಾಕ್ಸಿಮೊ ಮೇಷ್ಟ್ರು ಗುಡುಗಿದರು. "ಕಾರ್ಯಕ್ರಮದ ಕೊನೇ ಬಾಬ್ತು ಅದೇ ಅಲ್ವಾ? ಅಟಾರ್ನಿ ಹೇಳಿದ್ದು ಸರಿ!" ಅಂದವರಿಗೆ ತಾವು ಅಂದದ್ದು ಕೇಳಿ ತಮಗೇ ಗಾಬರಿಯಾಯಿತು. ಏಡಿಯೂ ಬೆಳ್ಳಕ್ಕಿಯೂ ಒಂದು ಮಾತಿಗೆ ಹೌದೆಂದದ್ದು ಅದೇ ಮೊದಲು.

"ಹೇಗೆ ಬರೀಲಿ ಮೇಡಂ?" ಜೋವೆಲಿನ್ ಅತಿ ವಿನಯದಿಂದ ಕೇಳಿದಳು. "ನೀವು ಆಮೆನ್ ಅಂದಿದ್ದು ಸುಮ್ನೆ, ಮನಸ್ಸಿಂದ ಅಲ್ಲ ಅಂತ ಬರೀಲಾ?"

ಜಪಮಾಲೆಯ ಮುದುಕಿಯರೆಲ್ಲ ಮೇಡಂ ಕಡೆ ತಿರುಗಿದರು. ಮೇಡಂ ಪಾದ್ರಿ ಕ್ಲಾರೊ ಕಡೆ ನೋಡಿದರು. ಪಾದ್ರಿಗಳು ಬಾಯಲ್ಲಿದ್ದ ಅಕ್ಕಿ ಕಡುಬನ್ನು ನುಂಗಿ, ನೀರು ಕುಡಿದು ಹೇಳಿದರು: "ಆಮೆನ್ ಅಂದ್ರೆ ಹಾಗೇ ಆಗಲಿ ಅಂತ. ನನಗೆ ತಿಳಿದ ಮಟ್ಟಿಗೆ ಅದನ್ನ ವಾಪಸ್ ತಗೊಳ್ಳೋಕೆ ಯಾವ ಕಚೇರೀನೂ ಇಲ್ಲ."

ಮೇಡಂ ಬಿಡಾಯ್ ಹೆಸರಿನ ಕುರ್ಚಿಯ ಮೇಲೆ ಮೆಲ್ಲಗೆ ಕುಸಿದು ಕೂತರು. ವಿಮಾನ ಆಗಲೇ ತಪ್ಪಿತ್ತು. ಅವರೂ ದಣಿದಿದ್ದರು, ಇಂಥ ಊರುಗಳು ಅವರಿಗೆ ವಾರಕ್ಕೆ ನಾಲ್ಕು. "ಈ ಬಗ್ಗೆ ಇನ್ನೊಂದು ಸಮಾಲೋಚನೆ ಕರೆಯೋಣ," ಎಂದರು.

ಸಮಾಲೋಚನೆ ಮುಗಿಯದೆ ಯಂತ್ರ ಅಲ್ಲಾಡುವಂತಿಲ್ಲ ಎಂದಮೇಲೆ ಮರಗಳು ಸದ್ಯಕ್ಕೆ ಉಳಿದವು. ಹಳದಿ ಯಂತ್ರ ಶಾಲೆಯ ಹಿಂದೆಯೇ ಉಳಿಯಿತು. ಪಾಸಿಂಗಳ ಕೋಳಿ ಅದರ ಸೀಟಿನ ಮೇಲೆ ಮೊಟ್ಟೆಗೆ ಕೂತಿತು. ಬಿಡಾಯ್ ಅದರ ಚಾಚಿದ ತೋಳಿಗೆ ಹಗ್ಗ ಕಟ್ಟಿ ಮೀನು ಒಣಗಿಸಿದಳು. ತೆಯೊನ ತಟ್ಟೆಗೆ ಮತ್ತೆ ಏಡಿ ಬಂತು.

ಆದರೆ ಸರ್ಕಾರವನ್ನು ದಡ್ಡ ಎಂದುಕೊಳ್ಳಬೇಡಿ. ಕೆಲವು ದಿನಕ್ಕೆ ರಾಜಧಾನಿಯಿಂದ ಸುತ್ತೋಲೆ ಬಂತು: ಇನ್ನು ಮುಂದೆ ಸಮಾಲೋಚನೆಗಳಲ್ಲಿ ಆರಂಭದ ಮತ್ತು ಮುಕ್ತಾಯದ ಪ್ರಾರ್ಥನೆಗಳನ್ನು ವಿಡಿಯೋದಲ್ಲೇ ತೋರಿಸತಕ್ಕದ್ದು. ಓದಿ ಸೆನಾಯ್ಡ ತಲೆ ಮೇಲೆ ಕೈಹೊತ್ತಳು. ತೆಯೊ ಮಾತ್ರ, "ಅಪ್ಪಾ, ಬಚಾವಾದೆ. ಇನ್ನು ನಾನುಂಟು ನನ್ನ ಕುರ್ಚಿ ಉಂಟು," ಎಂದು ಮಲಗಿ ಒಂದು ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಿದ. ಪ್ರತಿನಿಧಿಯಾದಮೇಲೆ ಅಂಥ ನಿದ್ದೆ ಬಂದಿರಲಿಲ್ಲ.

ಮುಂದಿನ ಸಮಾಲೋಚನೆಯೂ ಅದೇ ಮೈದಾನದಲ್ಲೇ ಸೇರಿತು. ವಿಡಿಯೋದಲ್ಲಿ ಹೂವು, ಮೋಡ, ಇಂಪಾದ ಪ್ರಾರ್ಥನೆ, ಒಂದು ನಿಮಿಷಕ್ಕೆ ಸರಿಯಾಗಿ ಆಮೆನ್. ತೆಯೊನ ಕಾರ್ಡು ನಂತರಕ್ಕೆ ಹೋಯಿತು. ಮೂರು ನಿಮಿಷಕ್ಕೆ ಗಂಟೆ ಹೊಡೆಯಿತು. ಫೋಟೊದಲ್ಲಿ ನಗಿ ಅಂದರು. ನಗದೆ ನಿಂತ, ಅಷ್ಟೇ ಸುಧಾರಣೆ. ಊಟ ಮುಗಿಸಿ ಮುಕ್ತಾಯದ ವಿಡಿಯೋ ಹಾಕಿದರೆ ಆಯಿತು. ಶಾಲೆಯ ಹಿಂದೆ ಚಾಲಕ ಬಂದು ಯಂತ್ರದ ಮೇಲಿನ ಕೋಳಿಯನ್ನು ಹುಷ್ ಎಂದು ಓಡಿಸುತ್ತಿದ್ದ.

ಮೇಜಿನ ಮೇಲೆ ಹೊಗೆಯಾಡುವ ಅನ್ನ, ಮಾಂಸದ ಅದೋಬೋ, ಪನ್ಸಿತ್, ಬಿಡಾಯ್ ಬೇಯಿಸಿದ ಏಡಿ. ಎಲ್ಲರೂ ತಟ್ಟೆ ಹಿಡಿದು ನಿಂತರು. ಉಪಕಾರ್ಯದರ್ಶಿ ಮೇಡಂ ಬೆಳಗಿನಿಂದ ಏನೂ ತಿಂದಿರಲಿಲ್ಲ, ಚಮಚ ಎತ್ತಿದರು.

"ಅಯ್ಯೋ, ಒಂದು ನಿಮಿಷ ಮೇಡಂ," ಎಂದಳು ಜೋವೆಲಿನ್. "ಊಟದ ಮುಂಚಿನ ಪ್ರಾರ್ಥನೆ ಆಗ್ಲಿಲ್ಲ. ಸುತ್ತೋಲೆಯಲ್ಲಿ ಅದಕ್ಕೆ ವಿಡಿಯೋ ಹೇಳಿಲ್ಲ. ವಾಡಿಕೆಯಂತೆ ಇಲ್ಲಿರೋ ಹಿರಿಯರು ಮಾಡ್ಬೇಕು."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮೇಡಂ ಕೈಯ ಚಮಚ ಹಾಗೆಯೇ ನಿಂತಿತು. ತೆಯೊ ಹಸಿದಿದ್ದ. ಸೊಂಟ ಹಿಡಿದಿತ್ತು. ಏಡಿಯನ್ನು ನೋಡಿದ, ಹೊಳೆಬಾಯಿಯ ಕಡೆ ನೋಡಿದ, ಹೆಂಡತಿಯನ್ನು ನೋಡಿದ.

ಬಿಡಾಯ್ ಸೌಟು ಕೆಳಗಿಟ್ಟು, ಆರದಿರಲಿ ಎಂದು ಪಾತ್ರೆಗಳಿಗೆ ಒಂದೊಂದಾಗಿ ಮುಚ್ಚಳ ಹಾಕತೊಡಗಿದಳು.

ತೆಯೊ ನಿಟ್ಟುಸಿರು ಬಿಟ್ಟು, ತಟ್ಟೆ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿದ.

"ಪ್ರಭುವೇ," ಎಂದ, "ಮತ್ತೆ ನಾನೇ."